ಹಳೇ ಟ್ರ್ಯಾಕ್ಟರ್ ತಗೊಳ್ಳೋ ಮುಂಚೆ: ಪೆಟ್ರೋಲ್ ಸೋತು ಡೀಸೆಲ್ ಗೆದ್ದ ಕಥೆ

ಈ ಸಂಚಿಕೆಯ ಬರಹರೂಪ ಇಲ್ಲಿದೆ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.



ಇವತ್ತಿನ ಕಥೆ ಒಂದು ಫೋನ್ ಕಾಲ್‌ನಿಂದ ಶುರುವಾಗುತ್ತೆ. ಟೇಕಲ್ ಪಕ್ಕದ ಹಳ್ಳಿಯಲ್ಲಿರೋ ನಮ್ಮ ಚಿಕ್ಕಪ್ಪ ಒಂದು ಭಾನುವಾರ ಬೆಳಗ್ಗೆ ಫೋನ್ ಮಾಡಿದ್ರು. "ಲೇ ಮಗಾ, ದಿನಾ ಫೋನ್ ಹಿಡ್ಕೊಂಡೇ ಕೂತಿರ್ತೀಯಲ್ಲ, ಒಂದು ಕೆಲಸ ಮಾಡು. ಹಳೇ ಟ್ರ್ಯಾಕ್ಟರ್ ಒಂದು ತಗೋಬೇಕು. ಎರಡು ಲಕ್ಷದ ಒಳಗೆ. ಯಾವುದು ಒಳ್ಳೇದು ನೋಡಿ ಹೇಳು" ಅಂದ್ರು.

ಆ ಎರಡು ಲಕ್ಷ ಸುಮ್ಮನೆ ಬಂದ ದುಡ್ಡಲ್ಲ. ಎರಡು ವರ್ಷ ರೇಷ್ಮೆಗೂಡು ಮಾರಿ ಉಳಿಸಿದ್ದು, ಚಿಕ್ಕಮ್ಮ ಕಟ್ಟಿದ್ದ ಚೀಟಿ ದುಡ್ಡು, ಎರಡೂ ಸೇರಿದ್ದು. ಜಮೀನು ಮೂರು ಎಕರೆ. ಅದರಲ್ಲಿ ಒಂದು ಎಕರೆ ಹಿಪ್ಪುನೇರಳೆ, ಮಿಕ್ಕಿದ್ದು ರಾಗಿ, ಬೋರ್‌ನಲ್ಲಿ ನೀರಿದ್ದ ವರ್ಷ ಟೊಮೆಟೊ.

"ಮೂರು ಎಕರೆಗೆ ಸ್ವಂತ ಟ್ರ್ಯಾಕ್ಟರ್ ಯಾಕೆ ಚಿಕ್ಕಪ್ಪ, ಬಾಡಿಗೆಗೆ ಸಿಗುತ್ತಲ್ಲ" ಅಂದೆ. ಅವರು ಒಂದೇ ಪದ ಹೇಳಿದ್ರು: "ಹದ."

ಕೋಲಾರ ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳ್ತೀನಿ. ನಮ್ಮಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ. ಮಳೆ, ಕೆರೆ, ಬೋರ್‌ವೆಲ್ ಇಷ್ಟೇ. ಮಳೆ ಬಿದ್ದ ಮೇಲೆ ಕೆಂಪುಮಣ್ಣಿನಲ್ಲಿ ಬಿತ್ತನೆಗೆ ಬೇಕಾದ ತೇವ ಇರೋದು ಎರಡು ದಿನ, ಹೆಚ್ಚಂದ್ರೆ ಮೂರು ದಿನ. ಆ ಎರಡು ದಿನ ಊರಿನ ಎಲ್ಲರಿಗೂ ಟ್ರ್ಯಾಕ್ಟರ್ ಬೇಕು. ಬಾಡಿಗೆ ಗಾಡಿಯವನು ಮೊದಲು ಹತ್ತು ಎಕರೆಯವರ ಹೊಲಕ್ಕೆ ಹೋಗ್ತಾನೆ. ಸರ್ಕಾರ 2014ರಿಂದ ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆ ಕೇಂದ್ರ ಮಾಡಿದೆ ನಿಜ. ಆದರೆ ಮಳೆ ಎಲ್ಲರಿಗೂ ಒಂದೇ ದಿನ ಬರುತ್ತೆ, ಸಾಲು ಅಲ್ಲೂ ಇರುತ್ತೆ. ಹಿಂದಿನ ವರ್ಷ ಚಿಕ್ಕಪ್ಪನ ಸರದಿ ಬಂದಾಗ ನೆಲ ಒಣಗಿತ್ತು. ಬಿತ್ತಿದ ರಾಗಿ ಅರ್ಧ ಹುಟ್ಟಲೇ ಇಲ್ಲ.

ಸರಿ, ಹುಡುಕೋಕೆ ಕೂತೆ.

ಗ್ಯಾಸ್ ಅಂದ್ರೆ ಯಾವ ಗ್ಯಾಸು?

ಮೊದಲು ಸಿಕ್ಕಿದ್ದೆಲ್ಲ ಅಮೆರಿಕದ ವಿಡಿಯೋಗಳು. ಅಲ್ಲಿನ ರೈತರು ಹಳೇ ಟ್ರ್ಯಾಕ್ಟರ್ ವಿಷಯಕ್ಕೆ ಬಂದ್ರೆ ಮೊದಲು ಕೇಳೋ ಪ್ರಶ್ನೆ, "ಗ್ಯಾಸಾ, ಡೀಸೆಲ್ಲಾ?" ಅಂತ. ನಾನೂ ಚಿಕ್ಕಪ್ಪನಿಗೆ ಹಾಗೇ ಕೇಳಿದೆ. "ಗ್ಯಾಸಾ? ಸಿಲಿಂಡರ್ ಕಟ್ಕೊಂಡು ಉಳೋದೇನೋ?" ಅಂತ ನಕ್ಕುಬಿಟ್ರು.

ಅಮೆರಿಕದವರ ಗ್ಯಾಸ್ ಅಂದ್ರೆ ಗ್ಯಾಸೊಲಿನ್, ನಮ್ಮ ಪೆಟ್ರೋಲ್. ಆದರೆ ಚಿಕ್ಕಪ್ಪ ನಕ್ಕಿದ್ದಕ್ಕೂ ಒಂದು ಇತಿಹಾಸ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್‌ಗೆ ರೇಷನ್ ಬಂದಾಗ, ಹಳೇ ಮೈಸೂರು ಸೀಮೆಯಲ್ಲಿ ಬಸ್ಸುಗಳು ನಿಜವಾಗಲೂ ಗ್ಯಾಸಲ್ಲೇ ಓಡಿದ್ವು. ಬಸ್ಸಿಗೆ ಒಂದು ದೊಡ್ಡ ಒಲೆ ಥರದ್ದು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಬಂದ ಅನಿಲವನ್ನ ಎಂಜಿನ್‌ಗೆ ಬಿಡ್ತಿದ್ರು. ಬಸ್ಸು ಹೊರಡೋ ಮುಂಚೆ ಚಕ್ರ ತಿರುಗಿಸಿ ಗಾಳಿ ಊದಬೇಕಿತ್ತು. ಏರು ಬಂದ್ರೆ ಉಸಿರು ಬಿಡ್ತಿತ್ತು. ಯುದ್ಧ ಮುಗಿದ ಮೇಲೆ ಪೆಟ್ರೋಲ್ ಸಿಗೋಕೆ ಶುರುವಾಯ್ತು, ಇದ್ದಿಲು ಒಲೆ ಮೂಲೆ ಸೇರ್ತು.

ಈಗ 2021ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ, ಡೀಸೆಲ್ ಟ್ರ್ಯಾಕ್ಟರ್ ಒಂದನ್ನ ಸಿಎನ್‌ಜಿಗೆ ಬದಲಾಯಿಸಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಬಿಡುಗಡೆ ಮಾಡಿದ್ರು. ಅಂದ್ರೆ "ಗ್ಯಾಸ್ ಟ್ರ್ಯಾಕ್ಟರ್" ಅನ್ನೋ ಮಾತು ಪೂರ್ತಿ ತಮಾಷೆಯೂ ಅಲ್ಲ. ಆದರೆ ನನ್ನ ತಲೆಯಲ್ಲಿ ಉಳಿದಿದ್ದು ಬೇರೆ ಪ್ರಶ್ನೆ. ಅಮೆರಿಕದ ಹಳೇ ಟ್ರ್ಯಾಕ್ಟರ್ ಸಂತೆಯಲ್ಲಿ ಪೆಟ್ರೋಲ್ ಗಾಡಿಗಳು ಇಷ್ಟೊಂದು ಇರುವಾಗ, ನಮ್ಮಲ್ಲಿ ಒಂದೂ ಕಣ್ಣಿಗೆ ಬೀಳಲ್ಲ, ಯಾಕೆ?

ಸೀಮೆಎಣ್ಣೆ ಕುಡಿಯೋ ಟ್ರ್ಯಾಕ್ಟರು

ನೂರು ವರ್ಷ ಹಿಂದಕ್ಕೆ ಹೋಗೋಣ. 1917ರಲ್ಲಿ ಹೆನ್ರಿ ಫೋರ್ಡ್ ಅವರ ಫೋರ್ಡ್‌ಸನ್ ಟ್ರ್ಯಾಕ್ಟರ್ ಬಂತು. ಕಾರ್ ಥರ ಸಾಲಾಗಿ ಸಾವಿರಗಟ್ಟಲೆ ತಯಾರಾದ ಟ್ರ್ಯಾಕ್ಟರ್ ಅದು. ಅದು ಓಡ್ತಿದ್ದದ್ದು ಹೆಚ್ಚಾಗಿ ಸೀಮೆಎಣ್ಣೆಯಲ್ಲಿ. ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡೋದು, ಎಂಜಿನ್ ಬಿಸಿಯಾದ ಮೇಲೆ ಕೊಳಾಯಿ ತಿರುಗಿಸಿ ಸೀಮೆಎಣ್ಣೆಗೆ ಬದಲಾಯಿಸೋದು. ನಮ್ಮಲ್ಲಿ ಹಳೇ ಜನರೇಟರ್‌ಗಳು ಹೀಗೇ ಓಡ್ತಿದ್ವು, ಅಪ್ಪಂದಿರನ್ನ ಕೇಳಿ ನೋಡಿ.

ಆಮೇಲೆ 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಹ್ಯಾರಿ ಫರ್ಗುಸನ್ ಅವರ ಪುಟ್ಟ ಬೂದು ಬಣ್ಣದ ಟ್ರ್ಯಾಕ್ಟರ್ ಟಿಇ-20 ಬಂತು. 1956ರ ತನಕ 5 ಲಕ್ಷಕ್ಕೂ ಹೆಚ್ಚು ತಯಾರಾದ್ವು. ಇವತ್ತು ನಮ್ಮೂರಿನ ಯಾವುದೇ ಟ್ರ್ಯಾಕ್ಟರ್ ಹಿಂದೆ ಹೋಗಿ ನಿಂತ್ರೆ, ಕಲ್ಟಿವೇಟರ್ ಸಿಕ್ಕಿಸೋಕೆ ಮೂರು ಕೊಂಡಿ, ಅದನ್ನ ಮೇಲೆತ್ತೋ ಹೈಡ್ರಾಲಿಕ್ ಇರುತ್ತಲ್ಲ, ಆ ವ್ಯವಸ್ಥೆಯನ್ನ ರೂಢಿಗೆ ತಂದವರು ಇದೇ ಫರ್ಗುಸನ್. ಕೇಳಿ, ಈ ಟಿಇ-20 ಮೊದಲು ಬಂದಿದ್ದು ಪೆಟ್ರೋಲ್ ಎಂಜಿನ್‌ನಲ್ಲಿ. 1949ರಲ್ಲಿ ಸೀಮೆಎಣ್ಣೆ ಥರದ ಅಗ್ಗದ ಇಂಧನಕ್ಕೆ ಹೊಂದೋ ಮಾದರಿ ಬಂತು. ಡೀಸೆಲ್ ಬಂದಿದ್ದು 1951ರಲ್ಲಿ, ಕೊನೆಗೆ.

ಸೀಮೆಎಣ್ಣೆ ಯಾಕೆ? ಬ್ರಿಟನ್‌ನಲ್ಲಿ ಪೆಟ್ರೋಲ್ ಮೇಲೆ ತೆರಿಗೆ ಜಾಸ್ತಿ, ಟ್ರ್ಯಾಕ್ಟರ್ ಎಣ್ಣೆ ಮೇಲೆ ಇರಲಿಲ್ಲ. ಅಮೆರಿಕದಲ್ಲಿ ಪೆಟ್ರೋಲೇ ಅಗ್ಗ, ಹಾಗಾಗಿ ಅಲ್ಲಿ 1950, 60ರ ದಶಕದಲ್ಲೂ ಪೆಟ್ರೋಲ್ ಟ್ರ್ಯಾಕ್ಟರ್‌ಗಳು ಧಾರಾಳವಾಗಿ ತಯಾರಾದ್ವು. ಇವತ್ತು ಅಲ್ಲಿ ಮಾರಾಟಕ್ಕೆ ಬರೋ ಹಳೇ ಗಾಡಿಗಳು ಅವೇ.

ಸೀಮೆಎಣ್ಣೆ ಎಂಜಿನ್‌ಗೆ ಒಂದು ದೊಡ್ಡ ತೊಂದರೆ ಇತ್ತು. ಎಂಜಿನ್ ಸರಿಯಾಗಿ ಬಿಸಿಯಾಗದಿದ್ರೆ ಎಣ್ಣೆ ಪೂರ್ತಿ ಉರಿಯದೆ ಕೆಳಗಿಳಿದು ಆಯಿಲ್ ಜೊತೆ ಬೆರೆಯೋದು. ಆಯಿಲ್ ತೆಳುವಾದ್ರೆ ಬೇರಿಂಗ್ ಸವೆಯುತ್ತೆ. ಅದಕ್ಕೇ ಪದೇ ಪದೇ ಆಯಿಲ್ ಬದಲಾಯಿಸಬೇಕಿತ್ತು. ಅಗ್ಗದ ಇಂಧನದಲ್ಲಿ ಉಳಿಸಿದ್ದು ಅಲ್ಲಿ ಹೋಗ್ತಿತ್ತು.

ಡೀಸೆಲ್ ಗೆದ್ದಿದ್ದು ಹೇಗೆ?

ಜರ್ಮನಿಯ ರುಡಾಲ್ಫ್ ಡೀಸೆಲ್ 1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿ, 1897ರಲ್ಲಿ ಸರಿಯಾಗಿ ಓಡೋ ಎಂಜಿನ್ ತೋರಿಸಿದ್ರು. ಪೆಟ್ರೋಲ್ ಎಂಜಿನ್‌ನಲ್ಲಿ ಪ್ಲಗ್ಗಿನ ಕಿಡಿಯಿಂದ ಇಂಧನ ಹೊತ್ತಿಕೊಳ್ಳುತ್ತೆ. ಡೀಸೆಲ್‌ನಲ್ಲಿ ಪ್ಲಗ್ಗೇ ಇಲ್ಲ. ಗಾಳಿಯನ್ನ ಎಷ್ಟು ಜೋರಾಗಿ ಒತ್ತುತ್ತೆ ಅಂದ್ರೆ, ಗಾಳಿ ಕೆಂಡದಂಗೆ ಬಿಸಿಯಾಗುತ್ತೆ. ಆಗ ನಾಜಲ್‌ನಿಂದ ಡೀಸೆಲ್ ಚಿಮ್ಮಿದ್ರೆ ತಾನೇ ಹೊತ್ತಿಕೊಳ್ಳುತ್ತೆ. ಸೈಕಲ್ ಪಂಪ್ ಜೋರಾಗಿ ಹೊಡೆದಾಗ ತುದಿ ಬಿಸಿಯಾಗುತ್ತಲ್ಲ, ಅದೇ ಲೆಕ್ಕ.

ಹೆಚ್ಚು ಒತ್ತಿದಷ್ಟೂ ಅದೇ ಇಂಧನದಿಂದ ಹೆಚ್ಚು ಕೆಲಸ ಸಿಗುತ್ತೆ. ಅದರ ಮೇಲೆ ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಶಕ್ತಿಯೂ ಸ್ವಲ್ಪ ಜಾಸ್ತಿ. ನಿಧಾನವಾಗಿ ಓಡ್ತಾನೇ ಭಾರ ಎಳೆಯುತ್ತೆ, ಉಳುಮೆಗೆ ಬೇಕಾಗಿರೋದು ಅದೇ. ಆದರೆ ಅಷ್ಟು ಒತ್ತಡ ತಡೆಯೋಕೆ ಎಂಜಿನ್ ದಪ್ಪ ಇರಬೇಕು, ಇಂಧನ ಪಂಪು ಕೂದಲೆಳೆ ಲೆಕ್ಕದಲ್ಲಿ ಕೆಲಸ ಮಾಡಬೇಕು. ಹಾಗಾಗಿ ಮೊದಲ ಬೆಲೆ ಜಾಸ್ತಿ, ಪಂಪ್ ಕೆಟ್ರೆ ರಿಪೇರಿಯೂ ಜಾಸ್ತಿ.

ಇಲ್ಲೊಂದು ಲೆಕ್ಕ ಮಾಡೋಣ. ಪೆಟ್ರೋಲ್ ಟ್ರ್ಯಾಕ್ಟರ್ ಗಂಟೆಗೆ ಒಂದೂವರೆ ಲೀಟರ್ ಹೆಚ್ಚು ಕುಡಿಯುತ್ತೆ ಅಂತ ಸುಮ್ಮನೆ ಇಟ್ಟುಕೊಳ್ಳಿ. ಲೀಟರ್‌ಗೆ ನೂರು ರೂಪಾಯಿ ಅಂತಲೂ ಇಟ್ಟುಕೊಳ್ಳಿ. ವರ್ಷಕ್ಕೆ 40 ಗಂಟೆ ಮಾತ್ರ ಓಡಿಸೋನಿಗೆ ಹೆಚ್ಚಾಗೋದು 6 ಸಾವಿರ ರೂಪಾಯಿ. ಅವನು ತಡೆದುಕೊಳ್ಳಬಹುದು. ಅಮೆರಿಕದಲ್ಲಿ ಮನೆ ಹಿಂದಿನ ಹುಲ್ಲು ಕತ್ತರಿಸೋಕೆ ಹಳೇ ಟ್ರ್ಯಾಕ್ಟರ್ ತಗೊಳ್ಳೋರು ಪೆಟ್ರೋಲ್ ಗಾಡಿ ಹುಡುಕೋದು ಇದೇ ಕಾರಣಕ್ಕೆ. ಬೆಲೆ ಕಮ್ಮಿ, ರಿಪೇರಿ ಸುಲಭ, ಚಳಿಯಲ್ಲೂ ಬೇಗ ಸ್ಟಾರ್ಟ್. ಆದರೆ ಬಾಡಿಗೆಗೆ ವರ್ಷಕ್ಕೆ 1000 ಗಂಟೆ ಓಡಿಸೋನಿಗೆ? ಒಂದೂವರೆ ಲಕ್ಷ. ಅವನ ಸಂಸಾರದ ಖರ್ಚೇ ಅದು.

ನಮ್ಮ ದೇಶದ ಟ್ರ್ಯಾಕ್ಟರ್ ಎರಡನೇ ಥರದ್ದು. ಸ್ವಂತ ಹೊಲ ಉಳುತ್ತೆ, ಬೇರೆಯವರ ಹೊಲ ಉಳುತ್ತೆ, ಗೊಬ್ಬರ ಹೊಡೆಯುತ್ತೆ, ಇಟ್ಟಿಗೆ ಎಳೆಯುತ್ತೆ, ಮದುವೆಗೆ ಜನರನ್ನೂ ತುಂಬಿಕೊಂಡು ಹೋಗಿದ್ದುಂಟು.

ನಾವು ಶುರು ಮಾಡಿದ್ದೇ ಡೀಸೆಲ್‌ನಿಂದ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಟ್ರ್ಯಾಕ್ಟರ್ ಅಂದ್ರೆ ಸರ್ಕಾರದ ಯಂತ್ರ. 1949ರಲ್ಲಿ ವಿಶ್ವಬ್ಯಾಂಕ್ ಭಾರತಕ್ಕೆ ಕೊಟ್ಟ ಎರಡನೇ ಸಾಲ, 1 ಕೋಟಿ ಡಾಲರ್, ಕೃಷಿ ಯಂತ್ರಗಳಿಗೇ. ಮಧ್ಯ ಭಾರತದಲ್ಲಿ ಆಳವಾಗಿ ಬೇರುಬಿಟ್ಟಿದ್ದ ಕಾನ್ಸ್ ಹುಲ್ಲು ಕಿತ್ತು ಭೂಮಿ ಹಸನು ಮಾಡೋಕೆ ಆ ದೊಡ್ಡ ಟ್ರ್ಯಾಕ್ಟರ್‌ಗಳು ಬಂದ್ವು.

ನಮ್ಮ ದೇಶದಲ್ಲೇ ಟ್ರ್ಯಾಕ್ಟರ್ ತಯಾರಾಗಿದ್ದು 1959ರಲ್ಲಿ, ಫರೀದಾಬಾದ್‌ನ ಐಷರ್ ಕಾರ್ಖಾನೆಯಲ್ಲಿ. 1960ರಲ್ಲಿ ಮದ್ರಾಸಿನಲ್ಲಿ ಟಾಫೆ ಶುರುವಾಯ್ತು, ಮ್ಯಾಸಿ ಫರ್ಗುಸನ್ ಜೊತೆಗೂಡಿ. 1963ರಲ್ಲಿ ಮಹೀಂದ್ರಾದವರು ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಕಂಪನಿ ಮಾಡಿದ್ರು, ಬಿ-275 ಬಂತು. 1971ರಲ್ಲಿ ನಮ್ಮ ಬೆಂಗಳೂರಿನ ಎಚ್‌ಎಂಟಿ, ಹರಿಯಾಣದ ಪಿಂಜೋರ್‌ನಲ್ಲಿ ಜೆಕೊಸ್ಲೊವಾಕಿಯಾದ ಜೀಟರ್ ಟ್ರ್ಯಾಕ್ಟರ್ ಶುರು ಮಾಡ್ತು. 1974ರಲ್ಲಿ ಪಂಜಾಬ್‌ನ ಸ್ವರಾಜ್ 724 ಬಂತು. ಅದರ ವಿನ್ಯಾಸ ನಮ್ಮದೇ, ದುರ್ಗಾಪುರದ ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಆಗಿದ್ದು.

ಇಷ್ಟೂ ಹೆಸರುಗಳಲ್ಲಿ ಒಂದು ವಿಷಯ ಸಮಾನ. ಎಲ್ಲವೂ ಡೀಸೆಲ್. ನಾವು ಕಾರ್ಖಾನೆ ಕಟ್ಟೋ ಹೊತ್ತಿಗೆ ಯುರೋಪಿನಲ್ಲಿ ಸಣ್ಣ ಡೀಸೆಲ್ ಎಂಜಿನ್ ಪಳಗಿತ್ತು. ಜೊತೆಗೆ ಇಲ್ಲಿ ಪೆಟ್ರೋಲ್ ಅಂದ್ರೆ ಕಾರಿರೋ ಶ್ರೀಮಂತರ ಇಂಧನ, ಡೀಸೆಲ್ ಅಂದ್ರೆ ಲಾರಿ, ಬಸ್ಸು, ಪಂಪ್‌ಸೆಟ್ಟಿನ ಇಂಧನ ಅನ್ನೋದು ಸರ್ಕಾರದ ಬೆಲೆ ನೀತಿಯಲ್ಲೇ ಇತ್ತು. ಡೀಸೆಲ್ ಬೆಲೆಯನ್ನ ಸರ್ಕಾರ ಕೈಬಿಟ್ಟಿದ್ದು 2014ರ ಅಕ್ಟೋಬರ್‌ನಲ್ಲಿ. ಅಲ್ಲೀವರೆಗೂ ಅದು ಪೆಟ್ರೋಲ್‌ಗಿಂತ ಎಷ್ಟೋ ಅಗ್ಗ ಇತ್ತು. ಸೀಮೆಎಣ್ಣೆ ರೇಷನ್ ಕಾರ್ಡಿಗೆ ಹೋಯ್ತು, ಮನೆಯ ದೀಪಕ್ಕೆ, ಒಲೆಗೆ. 1969ರಲ್ಲಿ 14 ಬ್ಯಾಂಕ್‌ಗಳ ರಾಷ್ಟ್ರೀಕರಣ ಆದ ಮೇಲೆ ಹಳ್ಳಿಯವರಿಗೂ ಟ್ರ್ಯಾಕ್ಟರ್ ಸಾಲ ಸಿಗೋಕೆ ದಾರಿಯಾಯ್ತು. ಸಾಲ ತಗೊಂಡು ಮನೆಗೆ ಬಂದ ಗಾಡಿ ಡೀಸೆಲ್ಲೇ ಆಗಿತ್ತು. ಊರಿನ ಮೆಕ್ಯಾನಿಕ್ ಕಲಿತಿದ್ದೂ ಡೀಸೆಲ್ಲೇ.

ಅಂದ್ರೆ ಚಿಕ್ಕಪ್ಪ ಇವತ್ತು ಪೆಟ್ರೋಲ್ ಬೇಕೋ ಡೀಸೆಲ್ ಬೇಕೋ ಅಂತ ಯೋಚನೆ ಮಾಡಬೇಕಿಲ್ಲ. ಆ ತೀರ್ಮಾನ ಅವರು ಹುಟ್ಟೋ ಮುಂಚೆಯೇ ಆಗಿಹೋಗಿತ್ತು. ಪೆಟ್ರೋಲ್ ನಮ್ಮ ಹೊಲಕ್ಕೆ ಬಂದಿದ್ದು ಇತ್ತೀಚೆಗೆ, ಕೈಯಲ್ಲಿ ತಳ್ಳೋ ಕಳೆ ಯಂತ್ರದಲ್ಲಿ, ಹೆಗಲಿಗೆ ಹಾಕೋ ಹುಲ್ಲು ಕತ್ತರಿಸೋ ಯಂತ್ರದಲ್ಲಿ. ಹಗುರ ಇರಬೇಕಾದ ಕಡೆ ಪೆಟ್ರೋಲು, ಭಾರ ಎಳೀಬೇಕಾದ ಕಡೆ ಡೀಸೆಲ್ಲು.

ಟೇಕಲ್‌ನಲ್ಲಿ ಟ್ರ್ಯಾಕ್ಟರ್ ಜಾತಕ

ಹಾಗಾದ್ರೆ ಆಯ್ಕೆ ಎಲ್ಲಿದೆ? ಗಾಡಿ ಇಷ್ಟು ವರ್ಷ ಯಾವ ಕೆಲಸ ಮಾಡ್ತು ಅನ್ನೋದರಲ್ಲಿ. ಇದನ್ನ ನನಗೆ ಕಲಿಸಿದ್ದು ಯಾವ ವಿಡಿಯೋನೂ ಅಲ್ಲ, ಚಿಕ್ಕಪ್ಪನ ಜೊತೆ ಬಂದಿದ್ದ ಒಬ್ಬ ವಯಸ್ಸಾದ ಮೆಕ್ಯಾನಿಕ್.

ಟೇಕಲ್ ನೋಡಿದ್ದೀರಾ? ಮಾಲೂರಿಗೂ ಬಂಗಾರಪೇಟೆಗೂ ಮಧ್ಯೆ, ರೈಲಿನ ಕಿಟಕಿಯಿಂದ ಬಂಡೆ ಮೇಲೆ ಬಂಡೆ ಪೇರಿಸಿದಂಗೆ ಬೆಟ್ಟ ಕಾಣುತ್ತಲ್ಲ, ಅದೇ. ಕಲ್ಲು ಕೆಲಸಕ್ಕೆ ಹೆಸರಾದ ಊರು. ಈ ಕಡೆ ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರು. ಸುತ್ತಮುತ್ತ ರಾಗಿ, ರೇಷ್ಮೆ, ಟೊಮೆಟೊ. ಹಾಗಾಗಿ ಇಲ್ಲಿ ಮಾರಾಟಕ್ಕೆ ಬರೋ ಹಳೇ ಟ್ರ್ಯಾಕ್ಟರ್‌ಗಳಲ್ಲಿ ಮೂರು ಜಾತಿ.

ಮೊದಲನೇದು ಕಲ್ಲು ಕ್ವಾರಿಯದ್ದು. ನಾವು ನೋಡಿದ ಮೊದಲ ಗಾಡಿ ಇದೇ. ಹೊಳೆಯೋ ಪೇಂಟು, ಟೈರು ಹೆಚ್ಚುಕಮ್ಮಿ ಹೊಸದು. ನಾನು ಖುಷಿಯಾದೆ. ಮೆಕ್ಯಾನಿಕ್ ಟೈರ್ ನೋಡಿದವರೇ ಹಿಂದಕ್ಕೆ ಹೋಗಿ ಪಿಟಿಒ ಶಾಫ್ಟ್ ಹಿಡಿದು ಅಲ್ಲಾಡಿಸಿದ್ರು. ಹಲ್ಲು ಸವೆದು ಲೊಡಲೊಡ ಅಂತಿತ್ತು. "ಇದು ಕಂಪ್ರೆಸರ್ ಗಾಡಿ ಕಣಣ್ಣ" ಅಂದ್ರು ಚಿಕ್ಕಪ್ಪನಿಗೆ. ಬಂಡೆಗೆ ತೂತು ಕೊರೆಯೋ ಡ್ರಿಲ್‌ಗೆ ಗಾಳಿ ಬೇಕು. ಟ್ರ್ಯಾಕ್ಟರ್ ಹಿಂದೆ ಕಂಪ್ರೆಸರ್ ಕಟ್ಟಿ, ನಿಂತ ಜಾಗದಲ್ಲೇ ದಿನವಿಡೀ ಎಂಜಿನ್ ಓಡಿಸ್ತಾರೆ. ಚಕ್ರ ಉರುಳಲ್ಲ, ಟೈರ್ ಸವೆಯಲ್ಲ. ಎಂಜಿನ್ ಮಾತ್ರ ಕಲ್ಲಿನ ಧೂಳು ಕುಡೀತಾ ಸಾವಿರಾರು ಗಂಟೆ ಓಡಿರುತ್ತೆ. ನಾನೊಬ್ಬನೇ ಹೋಗಿದ್ರೆ ಚಿಕ್ಕಮ್ಮನ ಚೀಟಿ ದುಡ್ಡು ಅವತ್ತೇ ಅಲ್ಲಿ ಹೋಗ್ತಿತ್ತು.

ಎರಡನೇದು ಇಟ್ಟಿಗೆ ಗೂಡಿನದ್ದು. ಇಲ್ಲಿ ಉಲ್ಟಾ. ಪಿಟಿಒ ಚೆನ್ನಾಗಿರುತ್ತೆ, ಹೈಡ್ರಾಲಿಕ್ ಮುಟ್ಟೇ ಇರಲ್ಲ. ಆದರೆ ಭಾರದ ಟ್ರೈಲರ್ ಎಳೆದೆಳೆದು ಕ್ಲಚ್ಚು, ಬ್ರೇಕು, ಗೇರು, ಸ್ಟೇರಿಂಗು ಸವೆದಿರುತ್ತೆ.

ಮೂರನೇದು ರೈತನ ಮನೆಯದ್ದು. ನೋಡೋಕೆ ಎಲ್ಲಕ್ಕಿಂತ ಕೆಟ್ಟದು. ಬಾನೆಟ್ ತುಕ್ಕು, ಸೀಟು ಹರಿದಿರುತ್ತೆ, ಟೈರು ಬೋಳು. ಟೈರ್ ಬದಲಾಯಿಸಬಹುದು, ಅದರ ಬೆಲೆ ಮೊದಲೇ ಗೊತ್ತಿರುತ್ತೆ. ಎಂಜಿನ್ ಒಳಗೆ ಏನಾಗಿದೆ ಅಂತ ಬಿಚ್ಚೋ ತನಕ ಗೊತ್ತಾಗಲ್ಲ.

ಮೆಕ್ಯಾನಿಕ್ ಮಾಡಿದ ಪರೀಕ್ಷೆಗಳನ್ನ ಹೇಳಿಬಿಡ್ತೀನಿ, ಬರ್ಕೊಳ್ಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ರೆ ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ. ತಣ್ಣಗಿರೋ ಎಂಜಿನ್ ಎಷ್ಟು ಸಲಕ್ಕೆ ಹೊತ್ತಿಕೊಳ್ಳುತ್ತೆ ಅನ್ನೋದೇ ಡೀಸೆಲ್‌ನ ಮೊದಲ ಪರೀಕ್ಷೆ. ಒತ್ತಡ ಕಮ್ಮಿಯಾಗಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ. ಆಮೇಲೆ ಹೊಗೆ. ನೀಲಿ ಬಂದ್ರೆ ಆಯಿಲ್ ಸುಡ್ತಿದೆ. ಭಾರವೇ ಇಲ್ಲದಾಗಲೂ ಕಪ್ಪು ಬಂದ್ರೆ ನಾಜಲ್, ಪಂಪ್ ಅಥವಾ ಏರ್ ಫಿಲ್ಟರ್ ಕಡೆ ನೋಡಬೇಕು. ಬಿಸಿಯಾದ ಮೇಲೂ ಬಿಳಿ ನಿಲ್ಲದಿದ್ರೆ ನೀರು ಒಳಗೆ ಹೋಗ್ತಿರಬಹುದು. ಓಡ್ತಿರೋ ಎಂಜಿನ್‌ನ ಆಯಿಲ್ ಮುಚ್ಚಳ ತೆಗೆದು ನೋಡಿ, ಬುಸಬುಸ ಹೊಗೆ ಬಂದ್ರೆ ಪಿಸ್ಟನ್ ರಿಂಗ್ ಸವೆದಿದೆ. ಕಲ್ಟಿವೇಟರ್ ಎತ್ತಿ ಹತ್ತು ನಿಮಿಷ ಬಿಡಿ, ತಾನಾಗೇ ಇಳಿದ್ರೆ ಹೈಡ್ರಾಲಿಕ್ ಕೆಲಸ ಇದೆ.

ಕಾಗದ ಪತ್ರ ಇನ್ನೂ ಮುಖ್ಯ. ಟ್ರ್ಯಾಕ್ಟರ್ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಇದ್ರೆ, ಅದನ್ನ ತೆಗೆಸಿದ ಮೇಲೇ ದುಡ್ಡು ಕೊಡಿ. ಟ್ರೈಲರ್‌ಗೆ ಬೇರೆ ಆರ್‌ಸಿ ಇರುತ್ತೆ, ಮರೀಬೇಡಿ.

ಕಂಪನಿ ಸತ್ತರೂ ಗಾಡಿ ಬದುಕಿರುತ್ತೆ

ಎರಡನೇ ಗಾಡಿ ನೋಡಿದ್ದು ಎಚ್‌ಎಂಟಿ. ಎಂಜಿನ್ ಶಬ್ದ ಗಡಿಯಾರದಂಗಿತ್ತು, ಬೆಲೆಯೂ ಕಮ್ಮಿ. ಬೆಲೆ ಕಮ್ಮಿ ಯಾಕೆ ಅಂದ್ರೆ ಅದೂ ಇತಿಹಾಸವೇ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನ ಮುಚ್ಚೋ ತೀರ್ಮಾನ ಮಾಡ್ತು. ಕಂಪನಿ ಇಲ್ಲದ ಗಾಡಿಗೆ ಮಾರುಕಟ್ಟೆ ಬೆಲೆ ಕೊಡಲ್ಲ. ಮನೆ ಹತ್ತಿರ ಅದನ್ನ ಬಲ್ಲ ಮೆಕ್ಯಾನಿಕ್ ಇದ್ದು, ಬಿಡಿಭಾಗ ಸಿಗೋ ಅಂಗಡಿ ಗೊತ್ತಿದ್ರೆ ಅದು ಲಾಭದ ವ್ಯಾಪಾರ. ಹದದ ದಿನ ಕೆಟ್ಟು ನಿಂತು, ಒಂದು ಸೀಲ್‌ಗಾಗಿ ಮೂರು ಊರು ತಿರುಗೋ ಹಾಗಾದ್ರೆ ನಷ್ಟ. ಚಿಕ್ಕಪ್ಪ ತುಂಬಾ ಹೊತ್ತು ಅದರ ಮುಂದೆ ನಿಂತಿದ್ರು. ಕೊನೆಗೆ ಬೇಡ ಅಂದ್ರು.

"ಚಿಕ್ಕದು ನೋಡೋಣವಾ" ಅಂತ ನಾನೂ ಕೇಳಿದೆ. 1967ರಲ್ಲಿ ಬೆಂಗಳೂರಲ್ಲಿ ಶುರುವಾದ ವಿಎಸ್‌ಟಿ ಕಂಪನಿ, ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಪವರ್ ಟಿಲ್ಲರ್ ತಂದಿದ್ದು. ಇವತ್ತು ಪಕ್ಕದ ಮಾಲೂರಲ್ಲೇ ಅದರ ಕಾರ್ಖಾನೆ ಇದೆ. ಮೂರು ಎಕರೆಗೆ ನಿಜವಾಗಿ ನೋಡಿದ್ರೆ ಟಿಲ್ಲರ್ ಸಾಕು. ಆದರೆ ಚಿಕ್ಕಪ್ಪನಿಗೆ ಟೊಮೆಟೊ ಕ್ರೇಟು ಮಂಡಿಗೆ ಹಾಕಬೇಕು, ಅಕ್ಕಪಕ್ಕದವರ ಹೊಲ ಉತ್ತು ಬಾಡಿಗೆ ದುಡೀಬೇಕು. ಟಿಲ್ಲರ್ ಹಿಂದೆ ನಡೆಯೋಕೆ ಅವರ ಮಂಡಿನೋವೂ ಬಿಡಲ್ಲ.

ಕೊನೆಗೆ ತಗೊಂಡಿದ್ದು ಬೋಳು ಟೈರಿನ, ರೈತನ ಮನೆಯ ಹಳೇ ಮ್ಯಾಸಿ 1035. ಇಂಗ್ಲೆಂಡಿನ ಆ ಬೂದು ಫರ್ಗುಸನ್‌ನ ವಂಶದ್ದೇ ಗಾಡಿ. ಎಂಜಿನ್ ಚೆನ್ನೈನ ಸಿಂಪ್ಸನ್ ಕಂಪನಿಯದ್ದು, ಡೀಸೆಲ್, ಮೂರು ಸಿಲಿಂಡರು. ಬಂಗಾರಪೇಟೆ, ಮಾಲೂರು ಎಲ್ಲಿ ಹೋದ್ರೂ ಅದನ್ನ ಬಿಚ್ಚಿ ಜೋಡಿಸೋಕೆ ಬರೋರು ಸಿಗ್ತಾರೆ. ಟೈರು, ಬ್ಯಾಟರಿ, ಕ್ಲಚ್ ಪ್ಲೇಟು ಸೇರಿ ಲೆಕ್ಕ ಎರಡು ಲಕ್ಷ ದಾಟಿತು. ದಾಟಿದ ದುಡ್ಡಿಗೆ ಚಿಕ್ಕಮ್ಮನ ಓಲೆ ಸೊಸೈಟಿಯಲ್ಲಿದೆ, ಇನ್ನೂ ಬಿಡಿಸಿಲ್ಲ.

ಆಗಸ್ಟ್‌ನಲ್ಲಿ ಒಂದು ರಾತ್ರಿ ಒಳ್ಳೆ ಮಳೆ ಬಂತು. ಮಾರನೇ ದಿನ ಬೆಳಗ್ಗೆ ಆರು ಗಂಟೆಗೆ ಚಿಕ್ಕಪ್ಪನ ಫೋನ್. ಮಾತಾಡಲೇ ಇಲ್ಲ. ಫೋನ್ ಜೇಬಲ್ಲಿ ಹಾಗೇ ಆನ್ ಇತ್ತು ಅನ್ಸುತ್ತೆ, ಬರೀ ಎಂಜಿನ್ ಶಬ್ದ ಕೇಳ್ತಿತ್ತು. ಸ್ವಲ್ಪ ಹೊತ್ತು ಕೇಳಿಸ್ಕೊಂಡು ಕಟ್ ಮಾಡಿದೆ.

ನಿಮ್ಮ ಮನೆಯಲ್ಲೂ ಹಳೇ ಟ್ರ್ಯಾಕ್ಟರ್ ಇದ್ರೆ, ಅದರ ಆರ್‌ಸಿ ತೆಗೆದು ಯಾವ ವರ್ಷದ್ದು ನೋಡಿ. ಅದು ಮನೆಗೆ ಬಂದ ದಿನ ಏನಾಯ್ತು ಅಂತ ಅಜ್ಜನ ಹತ್ರ ಕೇಳಿ, ಅವರ ಮಾತು ರೆಕಾರ್ಡ್ ಮಾಡಿ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.